ಕಾಲಲ್ಲಿ ‘ಬರ್ರಿ’ ಬೇಡ ಅಂದಿದ್ದಿರಿ

ನನ್ನ ಮಾಸ್ತರರೇ,

ಹೇಗಿದ್ದೀರಿ ಎಂದು ಕೇಳುವ ಹಾಗಿಲ್ಲ. ಆದರೂ ಕೇಳದಿದ್ದರೆ ಸಮಾಧಾನವಿಲ್ಲ, ಏನು ಮಾಡಲಿ? ಅಲ್ಲಿ ಒಂದು ಬಾಸ್ಕೆಟ್‌ಬಾಲ್ ಕೋರ್ಟು ಇದೆಯೇ? ಇದ್ದರೆ ಇಷ್ಟು ಹೊತ್ತಿಗೆ ಯಾರನ್ನಾದರೂ ಮಂಡಿ ಬಗ್ಗಿಸಿ ನಿಲ್ಲಿಸಿ ಬೆವರಿಳಿಸಿರುತ್ತೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ನೀವು ಹೋಗುವ ಮೊದಲು ನನಗೊಂದು ಕೆಲಸ ಹೇಳಿದ್ದಿರಿ. ಅದು ಹೋದ ವಾರ ಆಯಿತು. ಫೋನು ಮಾಡೋಣವೆಂದರೆ ಎತ್ತುವವರಿಲ್ಲ, ಅದಕ್ಕೇ ಈ ಕಾಗದ.

ನೆನಪಿದೆಯಾ, ನಾನು ಬನವಾಸಿ ಕಡೆಯಿಂದ ಶಿರಸಿಯ ಹಾಸ್ಟೆಲ್ಲಿಗೆ ಬಂದ ವರ್ಷ? ಮೊದಲ ದಿನವೇ ನನ್ನನ್ನು ಡಿಫೆನ್ಸಿಗೆ ನಿಲ್ಲಿಸಿದಿರಿ. ಎದುರಿನ ಹುಡುಗಿ ಚೆಂಡು ಪುಟಿಸುತ್ತಾ ಬಂದಳು. ನಾನು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಮತ್ತೇನು ಮಾಡಬೇಕಿತ್ತು? ಎದುರಿಗೆ ಯಾರೇ ಬಂದರೂ ಸರಿದು ನಿಂತು ‘ಬರ್ರಿ’ ಅನ್ನುವುದನ್ನೇ ಅಲ್ಲವೇ ಮನೆಯಲ್ಲಿ ಕಲಿಸಿದ್ದು! ನೀವು ಸೀಟಿ ಊದಿ, ತಲೆಯ ಮೇಲೆ ಕೈ ಇಟ್ಟುಕೊಂಡು, “ಎಂತ ಮಾರಾಯ್ತಿ, ನಿನ್ನ ಬಾಯಲ್ಲೂ ಬರ್ರಿ, ಕಾಲಲ್ಲೂ ಬರ್ರಿ! ಬಾಯಲ್ಲಿ ಇರ್ಲಿ, ಚಂದ ಕೇಳ್ತದೆ. ಕಾಲಲ್ಲಿ ಬೇಡ” ಅಂದಿರಿ. ಅವತ್ತಿನಿಂದ ನನ್ನ ಹೆಸರೇ ಬರ್ರಿ ಆಗಿಹೋಯಿತು. ಆಗ ಎಷ್ಟು ಸಿಟ್ಟು ಬರುತ್ತಿತ್ತು ಗೊತ್ತೇ? ಈಗ ಹಾಗೆ ಕರೆಯುವವರು ಒಬ್ಬರೂ ಇಲ್ಲವಲ್ಲ ಎಂದು...

ಮಾರನೆಯ ದಿನ ನೀವು ಎರಡು ಬಾಲ್ದಿ ಹಿಡಿದುಕೊಂಡು ಕೋರ್ಟಿಗೆ ಬಂದಿದ್ದಿರಿ. ಊಟದ ಮನೆಯಲ್ಲಿ ಸಾರು ಬಡಿಸುವ ಬಾಲ್ದಿ. ಕಂಠಪೂರ್ತಿ ನೀರು ತುಂಬಿಸಿ ನಮ್ಮ ಕೈಗೆ ಕೊಟ್ಟು, “ಲೈನಿನ ಉದ್ದಕ್ಕೂ ಪಂಕ್ತಿ ಕೂತದೆ ಅಂತ ತಿಳ್ಕಳಿ. ಬಡಿಸ್ತಾ ಹೋಗಿ. ಒಂದು ಹನಿ ಚೆಲ್ಲಿದ್ರೆ ತಿರುಗಿ ಮೊದಲಿಂದ” ಅಂದಿರಿ. ಪಂಕ್ತಿಯಲ್ಲಿ ಬಡಿಸುವವರು ಎಲೆಯ ಕಡೆಗೆ ಮುಖ ಮಾಡಿ, ಮಂಡಿ ಸಡಿಲಿಸಿ, ಅಡ್ಡಡ್ಡ ಸರಿಯುತ್ತಾರೆ. ಕಾಲಿಗೆ ಕಾಲು ದಾಟಿಸುವುದಿಲ್ಲ. ದಾಟಿಸಿದರೆ ಪಂಚೆ ತೊಡರಿ ಸಾರೆಲ್ಲ ನೆಂಟರ ನೆತ್ತಿಯ ಮೇಲೆ! ಡಿಫೆನ್ಸಿನ ಕಾಲೂ ಅದೇ ಎಂದು ನಿಮಗೆ ಎಲ್ಲಿ ಹೊಳೆಯಿತೋ, ಯಾವ ಮದುವೆಯ ಊಟದಲ್ಲಿ ಹೊಳೆಯಿತೋ, ಕೇಳುವುದೇ ಮರೆತೆ. ಆಮೇಲೆ ಬಾಲ್ದಿ ಕಸಿದುಕೊಂಡು, ಕೈ ಹಿಂದೆ ಕಟ್ಟಿಸಿ, ನಮ್ಮ ನಮ್ಮ ಜಡೆಯ ತುದಿಯನ್ನು ನಮಗೇ ಹಿಡಿಸಿ ಸರಿಯಲು ಹೇಳುತ್ತಿದ್ದಿರಿ. ಕೈ ಚಾಚಿ ಫೌಲ್ ಮಾಡಬಾರದಲ್ಲ, ಅದಕ್ಕೆ. “ಚೆಂಡು ನೋಡಬೇಡಿ, ಕಣ್ಣು ನೋಡಬೇಡಿ, ಅವೆಲ್ಲ ಸುಳ್ಳು ಹೇಳ್ತವೆ. ಅವಳ ಹೊಟ್ಟೆ ನೋಡಿ. ಹೊಟ್ಟೆ ಎತ್ಲಾಗೆ ಹೋಗ್ತದೋ ಅವಳು ಅತ್ಲಾಗೇ ಹೋಗೂದು.”

ಕೊನೆಯ ಸಲ ನಿಮ್ಮ ಮನೆಗೆ ಬಂದಾಗ ನೀವು ಬಾಗಿಲ ಪಕ್ಕದ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಿರಿ. ಮೈ ಅರ್ಧಕ್ಕರ್ಧ ಇಳಿದುಹೋಗಿತ್ತು. ನನಗೆ ನೋಡಲಾಗದೆ ಬೇಗ ಎದ್ದೆ. ನೀವು ಕಾಲು ಚಾಚಿ ಬಾಗಿಲಿಗೆ ಅಡ್ಡ ಇಟ್ಟಿರಿ. “ಚಾ ಕುಡೀದೆ ಹೋಗೂಕೆ ಬಿಡೂದಿಲ್ಲ. ದಾಟು ನೋಡುವಾ!” ದಾಟಲಿಲ್ಲ. ಕೂತು ಚಾ ಕುಡಿದೆ. ಆಗಲೇ ಅಲ್ಲವೇ ನೀವು ಹೇಳಿದ್ದು? “ಬರ್ರಿ, ಬುಟ್ಟಿಗೆ ಹಾಕಿದವ್ರಿಗೆ ಎಲ್ಲಾ ಚಪ್ಪಾಳೆ ಹೊಡೀತಾರೆ. ನನ್ನ ಇಡೀ ಜನ್ಮದಲ್ಲಿ ತಡೆದವಳಿಗೆ ಒಬ್ಬನೂ ಹೊಡೆದದ್ದು ನೋಡ್ಲಿಲ್ಲ. ಹಾಗೆ ಯಾವತ್ತಾದ್ರೂ ಆದ್ರೆ ನಂಗೆ ತಿಳಿಸು.” ನಾನು ಹೂಂ ಅಂದೆ.

ಕಾನಸೂರಿನ ಹೈಸ್ಕೂಲಿಗೆ ನನ್ನನ್ನು ಆಟದ ಅಕ್ಕೋರೆಂದು ಹಾಕಿದ್ದು ನಿಮಗೆ ಗೊತ್ತೇ ಇದೆ. ಅಲ್ಲಿನ ಹುಡುಗಿಯರನ್ನು ಮೊದಲ ದಿನ ಕೋರ್ಟಿಗೆ ಇಳಿಸಿದಾಗ ನಗು ತಡೆಯಲಾಗಲಿಲ್ಲ ಮಾಸ್ತರರೇ. ಎಲ್ಲರೂ ನನ್ನ ಹಾಗೇ! ಎದುರಾಳಿ ಬಂದರೆ ಸರಿದು ನಿಲ್ಲುವುದು, ಮೈ ತಗುಲಿದರೆ ತಪ್ಪಾಯಿತು ಅನ್ನುವುದು. ಒಬ್ಬಳಂತೂ ಬಿದ್ದ ಎದುರಾಳಿಯನ್ನು ಎಬ್ಬಿಸಿ, ಲಂಗದ ಮಣ್ಣು ಕೊಡವುತ್ತಾ ನಿಂತಳು. ಅಷ್ಟರಲ್ಲಿ ಹಿಂದುಗಡೆ ಬಾಸ್ಕೆಟ್ ಆಗಿಹೋಗಿತ್ತು. “ಆಸರಿಗೆ ಬೇಕಾ ಅಂತನೂ ಕೇಳ್ಬಿಡ್ರಿ, ಪಾನಕ ತಂದು ಕೊಡ್ತೀನಿ!” ಎಂದು ರೇಗಿದೆ. ಬೈದದ್ದು ನಾನೇ, ಆದರೆ ದನಿ ನಿಮ್ಮದಾಗಿತ್ತು. ಮರುದಿನ ಬಿಸಿಯೂಟದ ಕೋಣೆಯಿಂದ ಬಾಲ್ದಿ ತಂದೆ.

ಬಾಲ್ದಿ ಹಿಡಿದ ಮೊದಲ ದಿನವೇ ಒಂದು ಹನಿ ಚೆಲ್ಲದೆ ಆ ತುದಿ ಮುಟ್ಟಿದವಳು ಸಿಂಚನಾ. ಒಂಬತ್ತನೇ ಇಯತ್ತೆ, ಗಿಡ್ಡ ದೇಹ, ಬಾಯಿ ಬಿಟ್ಟು ಒಂದು ಮಾತಿಲ್ಲ. ಅವಳ ಅಪ್ಪ ಗಣಪಣ್ಣ ಅಡುಗೆಯವರು. ಸಿದ್ದಾಪುರ, ಶಿರಸಿ ಕಡೆ ಮದುವೆ, ಉಪನಯನ ಎಂದರೆ ಇವರೇ. ರಜೆಯಲ್ಲಿ ಮಗಳೂ ಅವರ ಜೊತೆ ಬಡಿಸಲು ಹೋಗುತ್ತಾಳೆ. ಕಾಲು ಪಳಗದೆ ಇರುತ್ತದೆಯೇ? ಅವಳನ್ನು ಯಾರ ಎದುರಿಗೆ ನಿಲ್ಲಿಸಿದರೂ ಆ ಹುಡುಗಿ ಅವತ್ತು ಆಟ ಮರೆತ ಹಾಗೆ. ಆದರೆ ಬುಟ್ಟಿಗೆ ಚೆಂಡು ಹಾಕು ಎಂದರೆ ಅದು ಬೋರ್ಡಿಗೂ ತಾಗುವುದಿಲ್ಲ. ನನಗೆ ಅದರ ಚಿಂತೆ ಇರಲಿಲ್ಲ.

ಚಿಂತೆ ಗಣಪಣ್ಣನಿಗಿತ್ತು. ಸಿದ್ದಾಪುರದಲ್ಲಿ ಒಂದು ಆಟ ನೋಡಿದ ಮೇಲೆ, ಒಂದು ಸಂಜೆ ನೆಟ್ಟಗೆ ಕೋರ್ಟಿಗೇ ಬಂದರು. “ಅಕ್ಕೋರೇ, ಬೇಜಾರು ಮಾಡ್ಕಳಡಿ. ಕೂಸು ಇನ್ನು ಆಟಕ್ಕೆ ಬತ್ತಿಲ್ಲೆ. ಪೂರಾ ಆಟ ನೋಡಿದೆ, ಒಂದು ಸಲನೂ ಬುಟ್ಟಿಗೆ ಹಾಕಿದ್ದಿಲ್ಲೆ. ನೆಂಟ್ರೆಲ್ಲ ಕೇಳ್ತ, ಎಂತ ಹೇಳದು? ಮಂದಿ ಆಡದನ್ನ ಅಡ್ಡ ಹಾಕದೂ ಒಂದು ಆಟವಾ?” ಸಿಂಚನಾ ತಲೆ ತಗ್ಗಿಸಿ ನಿಂತಳು. ನನಗೆ ಸಿಟ್ಟು ಏರಿತು. “ಗಣಪಣ್ಣ, ಹಂಗಲ್ರಿ, ಕೇಳ್ರಿ ಇಲ್ಲೆ...” ಎಂದು ಶುರು ಮಾಡಿದೆ. ಏನು ಹೇಳಿದರೂ ಅವರ ಕಿವಿಗೆ ಹೋಗುತ್ತಿರಲಿಲ್ಲ. ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಯೋಚಿಸುತ್ತಿದ್ದೆ, ಅಷ್ಟರಲ್ಲಿ ಆ ಮೂಗಿಯಂಥ ಹುಡುಗಿ ಚೆಂಡು ತಂದು ಅಪ್ಪನ ಕೈಗೆ ಕೊಟ್ಟಳು.

“ಅಪ್ಪಯ್ಯ, ನನ್ನ ದಾಟಿ ಹೋಗು, ನೋಡನ” ಅಂದಳು.

ಆ ನೋಟ ನೀವು ನೋಡಬೇಕಿತ್ತು! ಗಣಪಣ್ಣ ಪಂಚೆ ಎತ್ತಿ ಕಟ್ಟಿ, ಚೆಂಡನ್ನು ಕುಂಬಳಕಾಯಿಯಂತೆ ಅವುಚಿಕೊಂಡು ಹೊರಟರು. ಎಡಕ್ಕೆ ಹೋದರೆ ಮಗಳು ಎದುರಿಗೆ. ಬಲಕ್ಕೆ ಹೊರಳಿದರೂ ಮಗಳು ಎದುರಿಗೆ. ಕೈ ಹಿಂದೆ ಕಟ್ಟಿಕೊಂಡು, ಜಡೆಯ ತುದಿ ಹಿಡಿದುಕೊಂಡೇ! ಗೇಟಿನ ಕಡೆ ಯಾರೋ ಬಂದರು ಎಂಬಂತೆ ನೋಡಿ ಮೋಸ ಮಾಡಲು ಹೋದರು, ಆಗಲಿಲ್ಲ. “ನನ್ನ ಹೊಟ್ಟೆ ಎಂತಕ್ಕೆ ನೋಡದು ಕೂಸೇ?” ಎಂದು ಗದರಿದರು. ಉಳಿದ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಕೊನೆಗೆ ಏದುಸಿರು ಬಿಡುತ್ತಾ ನಿಂತು ಅವಳ ಕಾಲನ್ನೇ ನೋಡಿದರು. “ತಡಿ, ತಡಿ. ಇದು ಬಡಿಸ ಕಾಲು ಅಲ್ದಾ? ಇದನ್ನ ಆನೇ ಕಲ್ಸಿದ್ದು!” ಎಂದು ತಮ್ಮ ಎದೆ ತಟ್ಟಿಕೊಂಡರು. ನಾನು ನಿಮ್ಮ ಬಾಲ್ದಿಯ ಕಥೆ ಹೇಳಿದೆ. ಅವರು ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದರು. “ಆತು. ಇನ್ನೊಂದು ಆಟ ನೋಡ್ತೆ. ಆಮೇಲೆ ಹೇಳ್ತೆ” ಎಂದು ಎದ್ದು ಹೋದರು. ಹಾಂ ಅಂದಹಾಗೂ ಇಲ್ಲ, ಬೇಡ ಅಂದಹಾಗೂ ಇಲ್ಲ. ಆ ವಾರವಿಡೀ ನನಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಹೋದ ವಾರ ಶಿರಸಿಯಲ್ಲಿ, ನೀವು ಬಾಲ್ದಿ ತಂದಿದ್ದಿರಲ್ಲ, ಅದೇ ಕೋರ್ಟಿನಲ್ಲಿ ಯಲ್ಲಾಪುರದ ಹುಡುಗಿಯರ ಜೊತೆ ನಮ್ಮ ಆಟವಿತ್ತು. ಗಣಪಣ್ಣ ಯಾವುದೋ ಉಪನಯನದ ಅಡುಗೆ ಮುಗಿಸಿ, ಹೆಗಲ ಮೇಲಿನ ಟವೆಲಿನ ಸಮೇತ ಬಂದು ಹಿಂದಿನ ಸಾಲಿನಲ್ಲಿ ನಿಂತರು. ಯಲ್ಲಾಪುರದಲ್ಲಿ ಮಾಗೋಡು ಕಡೆಯ ಒಬ್ಬಳು ಎತ್ತರದ ಹುಡುಗಿ ಇದ್ದಾಳೆ, ಚೆಂಡು ಸಿಕ್ಕಿದರೆ ಸಾಕು, ಬುಟ್ಟಿಗೇ. ಸಿಂಚನಾ ಅವಳ ಬೆನ್ನು ಬಿಡಲಿಲ್ಲ. ಕೊನೆಯ ಗಳಿಗೆ. ನಾವು ಒಂದೇ ಪಾಯಿಂಟು ಮುಂದೆ. ಚೆಂಡು ಆ ಎತ್ತರದವಳ ಕೈಯಲ್ಲಿ. ಅವಳು ಬಲಕ್ಕೆ ನುಗ್ಗಿದಳು, ಸಿಂಚನಾ ಸರಿದಳು. ಎಡಕ್ಕೆ ಹೊರಳಿದಳು, ಸಿಂಚನಾ ಅಲ್ಲೂ ಇದ್ದಳು. ಕೈ ಚಾಚಲಿಲ್ಲ, ಕಾಲು ದಾಟಿಸಲಿಲ್ಲ. ಸರಿಯುತ್ತಾ, ಸರಿಯುತ್ತಾ, ಅವಳನ್ನು ಲೈನಿನ ಕಡೆಗೇ ಕರೆದೊಯ್ದಳು. ಎತ್ತರದ ಹುಡುಗಿಯ ಕಾಲು ಲೈನಿನ ಆಚೆ ಬಿತ್ತು. ಸೀಟಿ. ಚೆಂಡು ನಮಗೆ.

ಸುತ್ತ ಒಂದು ಸದ್ದಿಲ್ಲ. ಬಾಸ್ಕೆಟ್ ಆಗಿಲ್ಲ, ಮತ್ತೆ ಜನ ಯಾತಕ್ಕೆ ಕೂಗಬೇಕು? ನಿಮ್ಮ ಜನ್ಮವಿಡೀ ಹೀಗೇ ಆಗಿತ್ತಲ್ಲ ಮಾಸ್ತರರೇ. ಆಗ ಹಿಂದಿನ ಸಾಲಿನಿಂದ ಚಪ್ಪಾಳೆ ಕೇಳಿಸಿತು. ಒಬ್ಬರದೇ. ಹಂಡೆ ಎತ್ತುವ ಆ ದಪ್ಪ ಅಂಗೈಗಳದು. “ಭಲೇ ಕೂಸೇ! ಒಂದು ಹನಿ ಚೆಲ್ಲಿದ್ದಿಲ್ಲೆ!” ಎಂದು ಗಣಪಣ್ಣ ಕೂಗಿದರು. ಪಕ್ಕದವರು ಅವರ ಮುಖ ನೋಡಿ ನಕ್ಕರು, ಆಮೇಲೆ ಅವರೂ ತಟ್ಟಿದರು. ಸಿಂಚನಾ ಅಪ್ಪನ ಕಡೆ ನೋಡಿದಳು. ನನಗೆ ಅಳು ಬಂತು. ಆಟ ಇನ್ನೂ ಮುಗಿದಿರಲಿಲ್ಲ, ಅಕ್ಕೋರು ಅಳುತ್ತಾ ನಿಂತಿದ್ದಾರೆ!

ಗೆದ್ದೆವು. ಅದಿರಲಿ ಬಿಡಿ. ಬಸ್ಸು ಹತ್ತುವಾಗ ಗಣಪಣ್ಣ ಟವೆಲಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದರು. “ಅಕ್ಕೋರೇ, ನಾಳೆ ಕೂಸಿನ್ನ ಎಷ್ಟು ಗಂಟೆಗೆ ಕಳ್ಸದು?” ಎಂದು ಕೇಳಿದರು. ಅಷ್ಟೇ.

ತಡೆದವಳಿಗೆ ಚಪ್ಪಾಳೆ ಬಿತ್ತು ಮಾಸ್ತರರೇ. ತಿಳಿಸು ಅಂದಿದ್ದಿರಿ, ತಿಳಿಸಿದ್ದೇನೆ.

ನಿಮ್ಮ,
ಬರ್ರಿ