ಫ್ಲಾಪಿಗೆ ಹಚ್ಚಿದ ಕುಂಕುಮ

ಅಮ್ಮಾ,

ನೀನು ಡೈರಿಗೆ ಹಾಲು ಕೊಟ್ಟು ಬರುವಷ್ಟರಲ್ಲಿ ಕುಮಟೆಯ ಬಸ್ಸು ಹೋಗಿಬಿಡುತ್ತದೆ, ಅದಕ್ಕೇ ಹೊರಟೆ.

ಕಂಪ್ಯೂಟರ್ ಸ್ಪರ್ಧೆಯ ಫ್ಲಾಪಿಯನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದೀಯಲ್ಲ! ಪುಡಿಯೆಲ್ಲ ಒಳಗೆ ಹೋಗಿ ಅದು ಕೆಟ್ಟಿದೆ. ನಮ್ಮೂರು ಕರ್ಕಿಯ ಬಗ್ಗೆ ತಿಂಗಳಿಡೀ ಕೂತು ಮಾಡಿದ ಹತ್ತು ಸ್ಲೈಡೂ ಅದರಲ್ಲೇ ಇದ್ದವು. ಇನ್ನು ಕುಮಟೆಯಲ್ಲಿ ಸ್ಪರ್ಧೆಯ ಹೊತ್ತಿಗೇ ಒಂದು ಗಂಟೆಯೊಳಗೆ ಮೊದಲಿನಿಂದ ಮಾಡಬೇಕು. ನನ್ನನ್ನು ಒಂದು ಮಾತು ಕೇಳಬಾರದಿತ್ತಾ? ಕೇಳಿ, ನಾನು ಬೇಡ ಅಂದಿದ್ದರೂ ನೀನು "ದೇವರೆದುರು ಇಟ್ರೆ ಎಂತ ಆಗ್ತದೆ?" ಅನ್ನುತ್ತಿದ್ದೆ.

ಫ್ಲಾಪಿ ಕಪಾಟಿನಲ್ಲಿದೆ. ಒದ್ದೆ ಬಟ್ಟೆಯಿಂದ ಒರೆಸಲು ಹೋಗಬೇಡ. ದೋಸೆ ತಿನ್ನಲಿಲ್ಲ, ಬೆಕ್ಕು ಬಾಯಿ ಹಾಕದಂತೆ ಮುಚ್ಚಿಟ್ಟಿದ್ದೇನೆ. ಮಧ್ಯಾಹ್ನ ನನಗಾಗಿ ಕಾಯಬೇಡ, ಊಟ ಮಾಡು.

ಸಿಟ್ಟು ಇನ್ನೂ ಹೋಗಿಲ್ಲ. ಆದರೂ ಹಾಗೇ ಹೊರಡಲು ಮನಸ್ಸಾಗದೆ ಮೂರು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಕಡೆಗೆ ಫ್ಲಾಪಿಯ ಮೇಲಿದ್ದ ಕುಂಕುಮವನ್ನೇ ಹಣೆಗೆ ಇಟ್ಟುಕೊಂಡು ಹೊರಟಿದ್ದೇನೆ.

ವಿನುತಾ