ಇಸ್ತ್ರಿ ಮಾಡಿದ ಮೂರು ಅಂಗಿ

ನಮ್ಮ ಮನೆಯ ಹಿಂದಿನ ಕೋಣೆಯಿಂದ
ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಕೆಮ್ಮು ಕಡಿಮೆಯಾಯಿತೇ? ಮಲಗುವಾಗ ಕಿಟಕಿ ಮುಚ್ಚಿಕೋ ಎಂದು ಬರೆದಿದ್ದೆ. ಮುಚ್ಚಿಕೊಳ್ಳುವವನಲ್ಲ ನೀನು, ಗೊತ್ತು. ನೀನು ಕಳಿಸಿದ ಫೋಟೋ ಕೈಸೇರಿತು. ಮುಖ ತುಂಬಿಕೊಂಡಿದೆ, ಸಂತೋಷ. ಆದರೆ ಹಾಕಿಕೊಂಡಿರುವ ಆ ಬೂದು ಸ್ವೆಟರು ಅಂಗಡಿಯದಲ್ಲ. ಕುತ್ತಿಗೆಯ ಹತ್ತಿರ ಒಂದು ಹೆಣಿಗೆ ತಪ್ಪಿದೆ. ಮೆಷಿನ್ನಿಗೆ ಹಾಗೆ ತಪ್ಪುವುದಿಲ್ಲ. ಯಾರು ಹೆಣೆದುಕೊಟ್ಟರು ಎಂದು ನಾನು ಕೇಳುವುದಿಲ್ಲ, ಕೇಳಿದರೂ ನೀನು ಹೇಳುವುದಿಲ್ಲ. ನನ್ನ ಮಂಡಿನೋವು ಇದ್ದಹಾಗೇ ಇದೆ. ನಿನ್ನ ಮಗಳು ಎರಡನೇ ತರಗತಿಗೆ ಬಂದಿದ್ದಾಳೆ. ಕಿವಿಗೆ ಬಿದ್ದದ್ದನ್ನೆಲ್ಲ ಊರಿಗೆಲ್ಲ ಒಪ್ಪಿಸುತ್ತಾಳೆಂದು ಓಣಿಯವರು ಗಿಣಿ ಎಂದೇ ಕರೆಯುತ್ತಾರೆ. ನಿನ್ನ ಹೆಂಡತಿ ಹೇಗಿದ್ದಾಳೆ ಎಂದು ನೀನು ಕೇಳಿಲ್ಲವಾದ್ದರಿಂದ ನಾನೇ ಹೇಳುತ್ತೇನೆ, ಚೆನ್ನಾಗಿಲ್ಲ.

ಗಂಡ ಬಿಟ್ಟುಹೋದ ಹೆಂಗಸರಿಗೆ ಸರ್ಕಾರ ಕೊಡುವ ಮಾಸಾಶನ ಅವಳಿಗೆ ನಾಲ್ಕು ವರ್ಷದಿಂದ ಬರುತ್ತಿತ್ತು. ನಿನಗೆ ಬರೆದಿರಲಿಲ್ಲ, ಯಾಕೆಂದರೆ ಅದರ ಹೆಸರೇ ನನಗೆ ಹಿಡಿಸುತ್ತಿರಲಿಲ್ಲ. ನನ್ನ ಮಗ ಯಾರನ್ನೂ ಬಿಟ್ಟುಹೋಗಿಲ್ಲ, ಕೆಲಸಕ್ಕೆ ಹೋಗಿದ್ದಾನೆ ಎಂದು ಆರು ವರ್ಷದಿಂದ ಓಣಿಗೆಲ್ಲ ಹೇಳಿಕೊಂಡು ಬಂದವಳು ನಾನು. ಆದರೂ ಆ ಮಾಸಾಶನದ ಅನ್ನ ಉಣ್ಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳ ಬೈಂಡಿಂಗ್ ಕೆಲಸ ವರ್ಷವಿಡೀ ಇರುವುದಲ್ಲ. ಶಾಲೆ ತೆರೆಯುವ ಮುಂಚೆ ಮೂರು ತಿಂಗಳು ನೋಟ್‌ಬುಕ್ಕು ಹೊಲಿದೂ ಹೊಲಿದೂ ಬೆರಳು ಬಿರಿಯುತ್ತದೆ, ಆಮೇಲೆ ಅಂಟಿನ ಡಬ್ಬ ಒಣಗಿ ಮೂಲೆ ಸೇರುತ್ತದೆ. ಆ ತಿಂಗಳುಗಳಲ್ಲಿ ಮನೆ ನಡೆದದ್ದು ಮಾಸಾಶನದಿಂದ. ನನ್ನ ವಿಧವಾ ವೇತನ ನನ್ನ ಮಾತ್ರೆಗಳಿಗೇ ಸಾಲದು. ಆದರೆ ನನ್ನದಕ್ಕೆ ಯಾರೂ ತಕರಾರು ಮಾಡುವುದಿಲ್ಲ ನೋಡು. ನಿಮ್ಮಪ್ಪ ಬದುಕಿದ್ದಾಗ ಒಂದು ಕೆಲಸವನ್ನೂ ನೆಟ್ಟಗೆ ಮಾಡಿದವರಲ್ಲ, ಸತ್ತದ್ದನ್ನು ಮಾತ್ರ ಅನುಮಾನಕ್ಕೆ ಎಡೆಯಿಲ್ಲದ ಹಾಗೆ, ಸರ್ಟಿಫಿಕೇಟಿನ ಸಮೇತ ಮಾಡಿದರು.

ನಾನು ಮೊದಲು ಅನುಮಾನಪಟ್ಟದ್ದು ಅವಳನ್ನೇ. ಬೈಂಡಿಂಗ್ ಮೇಸ್ತ್ರಿ ವಾರಕ್ಕೆರಡು ಸಲ ಮಡಚುವ ಹಾಳೆಗಳ ಕಟ್ಟು ತಂದುಕೊಡುತ್ತಾನೆ. ಕನ್ನಡಕಕ್ಕೆ ದಾರ ಕಟ್ಟಿಕೊಂಡ ಮನುಷ್ಯ, ವಯಸ್ಸು ನನಗಿಂತ ನಾಲ್ಕೈದು ವರ್ಷ ಕಡಿಮೆ ಇರಬಹುದು. ಒಳಗೆ ಬಂದು ಎರಡು ಮಾತಾಡಿ ಹೋಗುತ್ತಿದ್ದ. ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೇನೆ. ‘ಇದು ಹದಿನಾರು ಪುಟದ್ದು ಕಣಮ್ಮಾ, ಮೂಲೆ ಸರಿಯಾಗಿ ಕೂರ್ಲಿ’ ಎನ್ನುತ್ತಿದ್ದ. ಅದರಲ್ಲಿ ಬೇರೆ ಅರ್ಥವೇನಾದರೂ ಇದೆಯೇ ಎಂದು ನಾನು ಎಷ್ಟೋ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಇದ್ದಕ್ಕಿದ್ದಂತೆ ಒಳಗೆ ಬರುವುದನ್ನೇ ಬಿಟ್ಟ. ಗೇಟಿನ ಹತ್ತಿರ ನಿಂತು ಕೆಮ್ಮಿ, ಕಟ್ಟು ಇಟ್ಟು, ಹೊರಟುಬಿಡುವುದು. ಜಗಳವಾಗಿರಬೇಕು, ಜಗಳವಾಗಬೇಕಾದರೆ ನಡುವೆ ಏನೋ ಇದ್ದಿರಲೇಬೇಕು ಎಂದುಕೊಂಡೆ. ಹಾಗೇ ನಲ್ಲಿ ರಿಪೇರಿಯವನನ್ನೂ ಇವಳು ಹೊರಗಿನಿಂದಲೇ ವಾಪಸ್ಸು ಕಳಿಸಿದಳು. ಬಚ್ಚಲ ನಲ್ಲಿ ಈಗಲೂ ತೊಟ್ಟಿಕ್ಕುತ್ತಿದೆ. ಕೊನೆಗೆ ಗುಟ್ಟು ಬಿಟ್ಟುಕೊಟ್ಟವಳು ಗಿಣಿ. ‘ಅಜ್ಜೀ, ಗಂಡಸ್ರು ನಮ್ಮನೆ ಒಳಗೆ ಬಂದ್ರೆ ಅಮ್ಮನ ದುಡ್ಡು ನಿಂತೋಗುತ್ತಂತೆ’ ಎಂದಳು. ಹಾಗೆ ಎಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ಆದರೆ ಪಕ್ಕದ ಬೀದಿಯ ಒಬ್ಬಳಿಗೆ ಬರುತ್ತಿದ್ದ ಮಾಸಾಶನವನ್ನು ಯಾರೋ ಕಾಗದ ಬರೆದು ನಿಲ್ಲಿಸಿದರಂತೆ, ಅಂದಿನಿಂದ ಇವಳಿಗೆ ದಿಗಿಲು.

ಹೋದ ತಿಂಗಳು ಎರಡನೇ ಶುಕ್ರವಾರ ಬೆಳಿಗ್ಗೆ ಮಾಸಾಶನದ ಕಚೇರಿಯಿಂದ ತನಿಖೆಯವಳು ಬಂದೇಬಿಟ್ಟಳು. ಎತ್ತರದ ಹೆಂಗಸು, ಹೆಗಲಿಗೊಂದು ಚೀಲ, ನಗುನಗುತ್ತಲೇ ಮಾತು. ನಗುನಗುತ್ತ ಒಳಗೆ ಬರುವವರನ್ನು ನಾನು ಯಾವತ್ತೂ ನಂಬಿದವಳಲ್ಲ. ನಿನ್ನ ಹೆಂಡತಿ ಅಂಗಡಿಗೆ ಹೋಗಿದ್ದಳು, ಮನೆಯಲ್ಲಿ ನಾನೊಬ್ಬಳೇ. ಬಂದವಳು ಬಚ್ಚಲಿಗೆ ಹೋಗಿ ಹಲ್ಲುಜ್ಜುವ ಬ್ರಷ್ಷು ಎಣಿಸಿದಳು. ಮೂರೇ ಇದ್ದವು, ಸರಿಹೋಯಿತು. ಕನ್ನಡಿಯ ಗೂಡಿನಲ್ಲಿ ನಿನ್ನ ರೇಜರು ಇತ್ತು. ಅದನ್ನು ನೋಡಿ ಏನೋ ಬರೆದುಕೊಂಡಳು. ಆಮೇಲೆ ಈ ಕೋಣೆಗೆ ಬಂದಳು. ನಿನಗೆ ಹೇಳಿರಲಿಲ್ಲ, ನೀನು ಬಿಟ್ಟುಹೋದ ಮೂರು ಅಂಗಿಗಳನ್ನು ನಾನು ಪ್ರತಿ ಶುಕ್ರವಾರ ಒಗೆದು, ಇಸ್ತ್ರಿ ಹಾಕಿ, ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕುತ್ತೇನೆ. ಬೂಸಲು ಹಿಡಿಯಬಾರದಲ್ಲ. ನೀನು ಹೇಳದೆ ಕೇಳದೆ ಬಂದು ನಿಂತರೆ ತಕ್ಷಣ ಹಾಕಿಕೊಳ್ಳಲು ಒಂದು ಇರಬೇಕಲ್ಲ. ಆ ಹೊತ್ತಿಗೆ ಮೂರನೆಯದನ್ನು ಮುಗಿಸಿ ತೂಗುಹಾಕಿ ಐದು ನಿಮಿಷವಾಗಿತ್ತು. ಅವಳು ನೀಲಿ ಚೌಕಳಿಯ ಅಂಗಿಯ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು.

‘ಯಾರದಮ್ಮಾ ಇದು?’ ಎಂದಳು. ನನ್ನ ಮಗನದು ಎಂದೆ. ‘ಅವರೆಲ್ಲಿ?’ ಎಂದಳು. ಇಲ್ಲಿಯೇ ನಾನು ಕೆಟ್ಟೆ ನೋಡು. ಓಣಿಯವರಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿಹೋದ ಮಾತು, ಯೋಚನೆಯನ್ನೇ ಮಾಡದೆ ಹೊರಗೆ ಬಂತು. ‘ಕೆಲಸಕ್ಕೆ ಹೋಗಿದಾನೆ, ಬರ್ತಾನೆ’ ಎಂದುಬಿಟ್ಟೆ. ಅವಳು ಅದನ್ನು ಹಾಗೆಯೇ ಬರೆದುಕೊಂಡು, ಕೆಳಗೆ ನನ್ನ ಸಹಿ ಹಾಕಿಸಿಕೊಂಡು, ನೀರು ಕೇಳಿ ಕುಡಿದು ಹೋದಳು. ಸಹಿ ಯಾವುದಕ್ಕೆಂದು ಓದಿ ನೋಡಲಿಲ್ಲ. ಪೋಸ್ಟ್‌ಮನ್ ಕೊಟ್ಟ ಕಾಗದವನ್ನೂ ತಿರುಗಿಸಿ ಮುರುಗಿಸಿ ನೋಡುವವಳು ನಾನು, ಆವತ್ತು ಯಾರೋ ನಿನ್ನನ್ನು ವಿಚಾರಿಸಿದ ಖುಷಿಗೆ ಮೈಮರೆತೆ.

ಈ ತಿಂಗಳು ಮಾಸಾಶನ ಬರಲಿಲ್ಲ. ಗಂಡ ಮನೆಯಲ್ಲೇ ವಾಸವಿದ್ದಾನೆ ಎಂದು ಒಂದು ಸಾಲಿನ ಕಾಗದ ಬಂತು. ಯಾರು ಚಾಡಿ ಹೇಳಿದರು ಎಂದು ನಾನು ಒಬ್ಬೊಬ್ಬರನ್ನೇ ತೂಗಿ ನೋಡಿದೆ. ಮಹಡಿಯ ಗಣಿತದ ಮೇಷ್ಟ್ರ ಹೆಂಡತಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚಿದೆ, ಬಟ್ಟೆ ಒಣಹಾಕುವ ತಂತಿಯ ವಿಷಯಕ್ಕೆ. ಔಷಧಿ ಅಂಗಡಿಯವನು ಅಗತ್ಯಕ್ಕಿಂತ ಹೆಚ್ಚು ವಿಚಾರಿಸುತ್ತಾನೆ. ಮೇಸ್ತ್ರಿಯೇ ಯಾಕೆ ಬರೆದಿರಬಾರದು? ಮೂರು ದಿನ ಮಹಡಿಯವಳ ಜೊತೆ ಮಾತು ಬಿಟ್ಟೆ. ನಿನ್ನೆ ನಿನ್ನ ಹೆಂಡತಿಯ ಜೊತೆ ನಾನೂ ಕಚೇರಿಗೆ ಹೋದೆ. ಗುಮಾಸ್ತ ಕಡತ ತಿರುಗಿಸಿ ತೋರಿಸಿದ. ಯಾರ ಚಾಡಿಯೂ ಇರಲಿಲ್ಲ. ವರ್ಷಕ್ಕೊಮ್ಮೆ ಎಲ್ಲರ ಮನೆಗೂ ಹೋಗುವ ತನಿಖೆಯಂತೆ. ಅದರಲ್ಲಿದ್ದದ್ದು ಬೆಚ್ಚಗಿನ ಅಂಗಿ, ನನ್ನ ಮಾತು, ಕೆಳಗೆ ನನ್ನ ಸೊಟ್ಟ ಸಹಿ. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ತಪ್ಪಾಯಿತು, ನನ್ನ ಮಗ ಹೋಗಿ ಆರು ವರ್ಷವಾಯಿತು, ಬರುವುದಿಲ್ಲ ಎಂದು ಈಗಲೇ ಬರೆದುಕೊಡುತ್ತೇನೆ ಎಂದೆ. ಅಷ್ಟು ಹೇಳಲು ನನಗೆ ಎಷ್ಟು ಸಂಕಟವಾಯಿತು ಎಂಬುದು ನಿನಗೆ ತಿಳಿಯದು. ಗುಮಾಸ್ತ ಕೆಟ್ಟವನಲ್ಲ, ಸಮಾಧಾನವಾಗಿಯೇ ಹೇಳಿದ. ‘ಅಜ್ಜೀ, ಒಂದ್ಸಲ ಬರ್ತಾನೆ ಅಂದ್ರಿ, ಈಗ ಬರಲ್ಲ ಅಂತೀರಿ. ಇನ್ನು ಬಾಯಿಮಾತು ನಡೆಯಲ್ಲ. ಗಂಡ ಸತ್ತಿದ್ರೆ ಸರ್ಟಿಫಿಕೇಟು ತನ್ನಿ. ಇಲ್ಲಾಂದ್ರೆ ಕೋರ್ಟಿಂದ ವಿಚ್ಛೇದನದ ಕಾಗದ ತನ್ನಿ, ಮಾರನೇ ತಿಂಗಳಿಂದ್ಲೇ ಕೊಡ್ತೀವಿ, ಯಾರೂ ಮನೆಗೆ ಬಂದು ಬ್ರಷ್ಷು ಎಣಿಸಲ್ಲ’ ಎಂದ. ಇವಳು ಅದೇ ಆಗಲಿ ಎಂದಳು. ಕೋರ್ಟಿನ ನೋಟೀಸು ಹೋಗಲು ಗಂಡನ ವಿಳಾಸ ಬೇಕಲ್ಲ ಎಂದ. ಗೊತ್ತಿಲ್ಲ ಎಂದಳು. ನಾನು ಪಕ್ಕದಲ್ಲೇ ಕೂತಿದ್ದೆ.

ನೀನು ವರ್ಷಕ್ಕೆರಡು ಸಲ ಔಷಧಿ ಅಂಗಡಿಯ ವಿಳಾಸಕ್ಕೆ ಬರೆಯುವುದು, ಯಾರಿಗೂ ಹೇಳಬೇಡ ಎಂದು ಪ್ರತಿ ಸಲವೂ ಕೊನೆಗೆ ಸೇರಿಸುವುದು, ಎಲ್ಲವೂ ನನ್ನ ಹೊಟ್ಟೆಯೊಳಗೇ ಇತ್ತು. ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದೇ ನನಗೆ ಅನುಮಾನ ಮಗನೇ. ಏನೂ ಗೊತ್ತಿಲ್ಲದವಳಾಗಿದ್ದರೆ ಒಂದು ಸಲವಾದರೂ ನೋಡುತ್ತಿದ್ದಳು. ವಾಪಸ್ಸು ಬರುವಾಗ ನನ್ನ ಮಂಡಿನೋವಿಗೆಂದು ಎರಡು ಕಡೆ ಕೂರಿಸಿದಳು, ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಮನೆಗೆ ಬಂದವಳೇ ಕಟ್ಟು ಬಿಚ್ಚಿ ಹಾಳೆ ಮಡಚಲು ಕೂತಳು. ಗಿಣಿ ಮಾತ್ರ ‘ಅಮ್ಮಾ, ನಿಂಗೆ ಗಂಡ ಇದಾನಾ ಇಲ್ವಾ, ಸ್ಕೂಲಲ್ಲಿ ಏನಂತ ಹೇಳ್ಲಿ?’ ಎಂದು ಕೇಳಿದಳು. ಅವಳು ಇನ್ನೊಂದು ಹಾಳೆ ಎತ್ತಿಕೊಂಡು ಮೂಲೆ ಕೂಡಿಸಿದಳು, ನಾನು ಮಾತ್ರೆ ಹುಡುಕುವ ನೆಪದಲ್ಲಿ ಎದ್ದುಹೋದೆ.

ನಿನ್ನ ಮೇಲೆ ನನಗೆ ಕೋಪವಿಲ್ಲ ಎಂದು ಬರೆಯೋಣವೆಂದರೆ ಕೈ ಬರುತ್ತಿಲ್ಲ. ಇದೆ, ತುಂಬಾ ಇದೆ. ಆದರೂ ಬಿಸಿನೀರು ಕುಡಿ, ಹೊತ್ತುಹೊತ್ತಿಗೆ ಉಣ್ಣು. ಎಲ್ಲಿದ್ದರೂ ನೂರು ವರ್ಷ ಬಾಳು. ಆ ಸ್ವೆಟರು ಹೆಣೆದವಳಿಗೂ ಒಳ್ಳೆಯದಾಗಲಿ, ಅವಳನ್ನಾದರೂ ಹೇಳದೆ ಬಿಟ್ಟುಹೋಗಬೇಡ.

ನಿನ್ನನ್ನು ಹೊತ್ತು, ಹೆತ್ತು, ಇನ್ನೂ ಹರಸುತ್ತಿರುವ
ನಿನ್ನ ಅಮ್ಮ

ಮರೆತೆ: ಲಕೋಟೆಯ ಮೇಲಿನ ವಿಳಾಸ ನೋಡಿದೆಯಾ? ಅದು ನನ್ನ ಅಕ್ಷರವಲ್ಲ. ಇವತ್ತು ಬೆಳಿಗ್ಗೆ ನಿನ್ನ ಕಾಗದಗಳನ್ನೆಲ್ಲ ತಂದು ಅವಳ ಮುಂದೆ ಇಟ್ಟೆ. ಒಳಗಿನದನ್ನು ಒಂದನ್ನೂ ಓದಲಿಲ್ಲ, ವಿಳಾಸ ಮಾತ್ರ ಎರಡು ಸಲ ಬರೆದುಕೊಂಡಳು. ಒಂದು ಇದರ ಮೇಲೆ, ಇನ್ನೊಂದು ವಕೀಲರಿಗೆ, ಆಗಲೇ ಹೋಗಿ ಕೊಟ್ಟುಬಂದಳು. ನೋಟೀಸು ಬಂದಾಗ ಮನೆಯಲ್ಲಿಲ್ಲ ಎಂದು ಹೇಳಿ ಕಳಿಸಬೇಡ, ಕೈನೀಡಿ ತೆಗೆದುಕೋ. ವಕೀಲರು ನಿನ್ನ ಅಮ್ಮನನ್ನೂ ಸಾಕ್ಷಿ ಹೇಳಲು ಕರೆಯುತ್ತಾರಂತೆ. ನಾನು ಹೋಗುತ್ತಿದ್ದೇನೆ, ಅವಳ ಕಡೆಯಿಂದ.