ಕೊರಿನ್ ಹೇಳದಿದ್ದ ‘ಹೌದು’

ಮಾರ್ಚ್ 8, 1998
ಭಾನುವಾರ

ಪ್ರೀತಿಯ ವೆಂಡೆಲ್,

ಹವೆ, ಅಡುಗೆ, ನನ್ನ ಮೊಣಕಾಲು, ಇಷ್ಟನ್ನೇ ಬರೆದು ಲಕೋಟೆ ಅಂಟಿಸಿಬಿಡಬೇಕೆಂದಿದ್ದೆ. ಕೊರಿನ್ ಎಂಬ ಹುಡುಗಿಯ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಅದನ್ನು ಬರೆದರೆ ಇನ್ನೊಂದನ್ನೂ ಬರೆಯಬೇಕಾಗುತ್ತದೆ ಎಂಬ ಹೆದರಿಕೆ. ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಇಷ್ಟು ದಿನ ಉತ್ತರಿಸದಿದ್ದುದಕ್ಕೂ ಅದೇ ಕಾರಣ. ಕ್ಷಮಿಸು.

ನದಿಯ ಮೇಲಿನ ಮಂಜುಗಡ್ಡೆ ಒಡೆದಿದೆ. ಬೆಳಗಿನ ಮಂಜು ಕೋರ್ಟಿನ ಕಿಟಕಿಯವರೆಗೂ ಏರಿ ಬರುತ್ತದೆ. ಮಕ್ಕಳ ಕೋರ್ಟು ಚಿಕ್ಕ ಕೋಣೆ. ಬಾಗಿಲು ಮುಚ್ಚಿರುತ್ತದೆ, ಹೊರಗಿನವರಿಗೆ ಪ್ರವೇಶವಿಲ್ಲ. ಅಂಥ ಬೆಳಗುಗಳಲ್ಲಿ ನಾವೆಲ್ಲ ನೀರಿನಡಿಯಲ್ಲಿ ಕುಳಿತು ಮಾತಾಡುತ್ತಿದ್ದೇವೆ ಅನ್ನಿಸುತ್ತದೆ. ಅಲ್ಲಿ ಆಡಿದ ಮಾತನ್ನೆಲ್ಲ ದಾಖಲಿಸುವ ಸ್ಟೆನೊ ಯಂತ್ರದ ಮೇಲೆ ನನ್ನ ಬೆರಳುಗಳು ತಮ್ಮಷ್ಟಕ್ಕೆ ಓಡುತ್ತವೆ, ನಾನು ಇನ್ನೆಲ್ಲೋ ಇರುತ್ತೇನೆ. ಇಪ್ಪತ್ತೆರಡು ವರ್ಷ ಇದನ್ನೇ ನನ್ನ ಜಾಣ್ಮೆ ಎಂದು ತಿಳಿದಿದ್ದೆ.

ಕೊರಿನ್‌ಗೆ ಹದಿನೈದು. ದಡದ ಪಾಳು ದೋಣಿಮನೆ ಸುಟ್ಟುಹೋದಾಗ ಅಲ್ಲಿದ್ದಳು. ಬೆಂಕಿ ಹಚ್ಚಿದವರು ಯಾರೆಂಬ ವಿಚಾರಣೆಯೇ ನಡೆಯಲಿಲ್ಲ, ಯಾಕೆಂದರೆ ಅವಳು ಆರೋಪ ಒಪ್ಪಿಕೊಂಡಳು. ಹಾಗೆ ಒಪ್ಪಿಕೊಳ್ಳುವಾಗ ಏನೇನು ಹಕ್ಕು ಬಿಟ್ಟುಕೊಡುತ್ತಿದ್ದೀ ಎಂದು ಜಡ್ಜ್ ಓದಿ ಹೇಳಿ, ಅರ್ಥವಾಯಿತೇ ಎಂದು ಕೇಳಬೇಕು. ಮಗು ಬಾಯಿಬಿಟ್ಟು ಉತ್ತರಿಸಬೇಕು. ಬರೀ ತಲೆಯಾಡಿಸಿದರೆ ಜಡ್ಜ್ ಹ್ಯಾಲೊರನ್ ನನ್ನ ಕಡೆ ಕೈ ತೋರಿಸಿ, “ಬಾಯಲ್ಲಿ ಹೇಳಮ್ಮಾ, ನಿನ್ನ ತಲೆನ ಇವರು ಟೈಪ್ ಮಾಡಕ್ಕಾಗಲ್ಲ” ಅನ್ನುತ್ತಾರೆ. ಮಕ್ಕಳು ನಗುತ್ತಾರೆ. ಅವತ್ತು ಅವರು ಹಾಗನ್ನಲಿಲ್ಲ. ತಲೆ ತಗ್ಗಿಸಿ ಕಾಗದ ತಿರುವುತ್ತಿದ್ದರು.

ಫೆಬ್ರವರಿಯಲ್ಲಿ ಕೊರಿನ್ ಪರವಾಗಿ ಮೇಲ್ಮನವಿಯ ವಕೀಲೆ ಡಾಟ್ರಿ ಬಂದಳು. ತಾನು ಏನೂ ಹೇಳಲೇ ಇಲ್ಲ ಅನ್ನುತ್ತಿದ್ದಾಳಂತೆ ಹುಡುಗಿ. ನನ್ನ ದಾಖಲೆಯಲ್ಲಿ ಜಡ್ಜ್ ಪ್ರಶ್ನೆಯ ಮುಂದೆ ‘ಹೌದು’ ಇದೆ. ಅದು ನಿಂತರೆ ಇಪ್ಪತ್ತೊಂದು ತುಂಬುವವರೆಗೂ ಅವಳನ್ನು ಸುಧಾರಣಾ ಶಾಲೆಯಲ್ಲಿ ಇಟ್ಟುಕೊಳ್ಳಬಹುದು. ಬಿದ್ದರೆ ಮೊದಲಿನಿಂದ ವಿಚಾರಣೆ. ಡಾಟ್ರಿ ಬೇಡಲೂ ಇಲ್ಲ, ಗದರಿಸಲೂ ಇಲ್ಲ. “ನಿಮ್ಮ ಕಿವಿಗೆ ಏನು ಬಿತ್ತೋ ಅಷ್ಟು ಹೇಳಿ, ಸಾಕು” ಅಂದಳು.

ನೋಡಿ ಹೇಳುತ್ತೇನೆ ಎಂದೆ. ನೋಡುವುದೇನು? ಆ ದಿನದ ಕಾಗದದ ಸುರುಳಿಯನ್ನು ಹಾಸಿಗೆಯ ಮೇಲೆ ಉದ್ದಕ್ಕೆ ಬಿಚ್ಚಿದೆ. ‘ಹೌದು’ ಅಚ್ಚುಕಟ್ಟಾಗಿತ್ತು. ಆದರೆ ಕಣ್ಣು ಮುಚ್ಚಿದರೆ ಕೇಳಿಸುವುದು ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ಸಿಳ್ಳು ಮಾತ್ರ. ಆ ಜಾಗದಲ್ಲಿ ಸಾವಿರ ಮಕ್ಕಳು ಹೌದು ಅಂದಿದ್ದರು. ನನ್ನ ಬೆರಳು ಇವಳಿಗಾಗಿ ಕಾಯಲಿಲ್ಲ. ಮೌನಕ್ಕೆ ನನ್ನ ಯಂತ್ರದಲ್ಲಿ ಕೀಲಿಯೂ ಇಲ್ಲ. ಇದು ನೆಪವೋ ಕಾರಣವೋ, ಇನ್ನೂ ತಿಳಿಯುತ್ತಿಲ್ಲ.

ಕೋರ್ಟಿನ ಬಾಗಿಲು ಕಾಯುವ ಅರ್ಲ್‌ಗೆ ಹೇಳಿದೆ. ಅವನು ಕಾಫಿ ಕದಡುತ್ತಲೇ ಇದ್ದ. “ಒಂದು ‘ಹೌದು’ ಸುಳ್ಳು ಅಂದ್ರೆ, ನಿಮ್ಮ ಇಪ್ಪತ್ತೆರಡು ವರ್ಷದ ದಾಖಲೆ ಕಟ್ಟೆಲ್ಲ ಬಿಚ್ಚಿಸ್ತಾರೆ, ಲೋರ್ನಾ ಅವ್ರೇ. ನಾನು ರಿಟೈರ್ ಆದ್ಮೇಲೆ ಮಾಡ್ಕೊಳ್ಳಿ. ಆ ಪೆಟ್ಟಿಗೆ ಹೊರೋನು ನಾನೇ ತಾನೆ?” ಅಂದ. ಆಮೇಲೆ ಮೆಲ್ಲಗೆ, ಕೆಲಸ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದ.

ನೀನೂ ರೂತ್‌ಳೂ ಚೆನ್ನಾಗಿರಿ. ಈ ವರ್ಷವಾದರೂ ನಿನ್ನ ತೋಟದ ಬಟಾಣಿ ಮೊಲಗಳ ಪಾಲಾಗದಿರಲಿ. ದೇವರು ನಿನ್ನ ನಿದ್ದೆಯನ್ನು ಕಾಯಲಿ.

ನಿನ್ನ ಅಕ್ಕ,
ಲೋರ್ನಾ

ತಾ. ಕ.: ಜಡ್ಜ್ ಕೇಳಿದಾಗ ಕೊರಿನ್ ಅವರನ್ನು ನೋಡಲಿಲ್ಲ, ತನ್ನ ತಾಯಿಯನ್ನು ನೋಡಿದಳು. 1971ರಲ್ಲಿ ಇಂಥದೇ ಕೋರ್ಟಿನಲ್ಲಿ ನೀನು ನನ್ನನ್ನು ನೋಡಿದ ಹಾಗೆ. ಆಗ ನಿನಗೂ ಹದಿನೈದು. ಅಮ್ಮ ಕಾಯಿಲೆಯಿಂದ ಮಲಗಿದ್ದಳು, ನಿನ್ನ ಪಕ್ಕದಲ್ಲಿ ನಾನಿದ್ದೆ. ನೀನು ಕದ್ದೆಯೆಂದು ಪೊಲೀಸರು ಹೇಳಿದ ಆ ಕಾರನ್ನು ನೀನು ಮುಟ್ಟಿಯೂ ಇರಲಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಮೇಜಿನ ಕೆಳಗೆ ನಿನ್ನ ಕೈ ಒತ್ತಿ, “ಹೌದು ಅನ್ನು ವೆಂಡೆಲ್, ಮನೆಗೆ ಹೋಗೋಣ” ಅಂದೆ. ನೀನು ಹಾಗೇ ಅಂದೆ. ನಿನ್ನನ್ನು ಇನ್ನೊಂದು ಬಾಗಿಲಿನಿಂದ ಕರೆದೊಯ್ದರು. ಸುಧಾರಣಾ ಶಾಲೆಯಲ್ಲಿ ಎರಡು ವರ್ಷ. ಅವನಾಗಿಯೇ ಒಪ್ಪಿಕೊಂಡ ಎಂದು ಅಮ್ಮನಿಗೆ ಹೇಳಿದೆ. ಅವಳು ಸಾಯುವವರೆಗೂ ಅದನ್ನೇ ನಂಬಿದಳು. ನೀನು ಒಂದು ದಿನವೂ ಆ ಮಾತು ಎತ್ತಲಿಲ್ಲ.

ಕೊರಿನ್ ಬಾಯಿಂದ ‘ಹೌದು’ ಕೇಳಿಸಲಿಲ್ಲವೆಂಬ ಡಾಟ್ರಿಯ ಅಫಿಡವಿಟ್‌ಗೆ ಸಹಿ ಹಾಕಲು ಒಪ್ಪಿದ್ದೇನೆ. ಕೋರ್ಟಿನ ಮೆಟ್ಟಿಲ ಬಳಿ ಅಂಚೆಪೆಟ್ಟಿಗೆ ಇದೆ. ಮೊದಲು ಈ ಪತ್ರ ಅದರೊಳಗೆ ಬೀಳಬೇಕು, ಆಮೇಲೆ ನಾನು ಮೆಟ್ಟಿಲು ಹತ್ತಬೇಕು.

ಸಹಿ ಹಾಕುವುದು ಗುರುವಾರ, ಮಾರ್ಚ್ 12ರ ಬೆಳಿಗ್ಗೆ.